ಎಂಟು ಕುದುರೆ ಕಳೆದುಕೊಂಡ ಸ್ವಿಫ್ಟ್: ಕಾರು ರಸಿಕರಿಗೊಂದು ಕೈಪಿಡಿ

2024ರ ಮೇ ತಿಂಗಳಲ್ಲಿ ಮಾರುತಿ ಸುಜುಕಿಯ ನಾಲ್ಕನೇ ತಲೆಮಾರಿನ ಸ್ವಿಫ್ಟ್ ಬಿಡುಗಡೆಯಾದಾಗ ಅದರ ಅಭಿಮಾನಿಗಳಲ್ಲಿ ಸಂಭ್ರಮಕ್ಕಿಂತ ಮುನಿಸೇ ಹೆಚ್ಚು ಕಂಡಿತು. ಹಿಂದಿನ ಕಾರಿನ ಎಂಜಿನ್ 90 ಅಶ್ವಶಕ್ತಿಯದು, ಹೊಸದರದ್ದು 82. ಮೊದಲು ನಾಲ್ಕು ಸಿಲಿಂಡರ್ ಇದ್ದವು, ಈಗ ಮೂರು. ಕೆಎ-35 ನಂಬರಿನ ಹಳೆಯ ಸ್ವಿಫ್ಟ್‌ಗಳು ಸಾಲುಗಟ್ಟಿ ನಿಲ್ಲುವ ಹೊಸಪೇಟೆಯಂಥ ಊರಿನಲ್ಲಿ ಈ ಮಾತು ಬೇಗ ಹರಡಿತು. "ಹೊಸಾದು ಅಂತಾರ, ಪವರ್ ಕಮ್ಮಿ ಮಾಡ್ಯಾರಲ್ಲಣ್ಣಾ" ಎನ್ನುವ ದೂರು. ಅದರ ಬೆನ್ನಿಗೇ "ಮೈಲೇಜ್ ನೋಡು ಮಾರಾಯ, 24 ದಾಟೇತಿ" ಎನ್ನುವ ಸಮಾಧಾನ.

ಕಾರುಗಳ ಲೋಕಕ್ಕೆ ಹೊಸದಾಗಿ ಕಾಲಿಟ್ಟವರಿಗೆ ಈ ಜಗಳ ಅರ್ಥವಾಗುವುದಿಲ್ಲ. ಎಂಟು ಅಶ್ವಶಕ್ತಿ ಹೋದರೆ ಏನು ಹೋಯಿತು? ಲೀಟರಿಗೆ ಒಂದೆರಡು ಕಿಲೋಮೀಟರ್ ಹೆಚ್ಚು ಬಂದರೆ ಸಾಲದೆ? ಈ ಬರಹ ಅಂಥವರಿಗಾಗಿ. ಮುನಿಸಿಕೊಂಡವರ ಮಾತಿನಲ್ಲಿ ತೂಕವಿದೆ. ಆದರೆ ಆ ತೂಕ ಇರುವುದು ಅವರು ಬೆರಳು ಮಾಡಿ ತೋರಿಸುವ ಅಂಕಿಯಲ್ಲಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ಕಂಡುಕೊಳ್ಳಲು ಪತ್ರಿಕೆಯ ವಿಮರ್ಶೆ ಓದಿದರೆ ಸಾಲದು. ನಮ್ಮ ಸುತ್ತಲಿನ ರಸ್ತೆಗಳಲ್ಲಿ ಕಾರನ್ನು ಓಡಿಸಿ ನೋಡಬೇಕು.

ಮೊದಲು ವಂಶಾವಳಿ. ಯಾವುದೇ ಹೊಸ ಕಾರನ್ನು ಅದರ ಹಿಂದಿನವುಗಳ ಪರಿಚಯವಿಲ್ಲದೆ ಅಳೆಯಲಾಗದು. ಸ್ವಿಫ್ಟ್ ಭಾರತಕ್ಕೆ ಬಂದದ್ದು 2005ರ ಮೇ ತಿಂಗಳಲ್ಲಿ, 1.3 ಲೀಟರಿನ ಪೆಟ್ರೋಲ್ ಎಂಜಿನ್ನಿನೊಂದಿಗೆ. ಚಿಕ್ಕ ಕಾರು ಎಂದರೆ ಆಲ್ಟೊ, ಸ್ಯಾಂಟ್ರೊ ಎಂದುಕೊಂಡಿದ್ದ ಜನರಿಗೆ ಇದು ಬೇರೆಯೇ ಜಾತಿಯದಾಗಿ ಕಂಡಿತು. 2007ರಲ್ಲಿ ಫಿಯೆಟ್‌ನಿಂದ ಪರವಾನಗಿ ಪಡೆದು ತಯಾರಿಸಿದ 1248 ಸಿಸಿಯ ಡೀಸೆಲ್ ಎಂಜಿನ್ ಬಂತು. ಆಗ ಸಂಡೂರು, ಹೊಸಪೇಟೆ ಸೀಮೆಯಲ್ಲಿ ಅದಿರಿನ ಭರಾಟೆ. ಹಗಲೂ ರಾತ್ರಿ ಲಾರಿಗಳು ಓಡಿ ರಸ್ತೆ ಕಿತ್ತುಹೋಗಿದ್ದ ಕಾಲ. 190 ನ್ಯೂಟನ್ ಮೀಟರ್ ಟಾರ್ಕ್ ಇದ್ದ ಆ ಡೀಸೆಲ್ ಸ್ವಿಫ್ಟ್ ಎಂಜಿನ್ ನಿಮಿಷಕ್ಕೆ 2000 ಸುತ್ತು (ಆರ್‌ಪಿಎಂ) ಮುಟ್ಟುವವರೆಗೆ ಮಂಕಾಗಿ ನಿಂತಿರುತ್ತಿತ್ತು. ಟರ್ಬೊ ಎದ್ದಿತೆಂದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ನಮ್ಮ ಕಡೆಯ ಒಂದು ಇಡೀ ಪೀಳಿಗೆಗೆ 'ಪಿಕಪ್' ಎಂದರೆ ಏನೆಂದು ಕಲಿಸಿದ್ದು ಆ ತಳ್ಳಾಟ. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಗೆ ತಡೆ ಹಾಕಿತು. ಮರುತಿಂಗಳೇ ಎರಡನೇ ತಲೆಮಾರಿನ ಸ್ವಿಫ್ಟ್ ಬಂತು. 2018ರಲ್ಲಿ ಮೂರನೆಯದು, ಗಣನೀಯವಾಗಿ ಹಗುರಾಗಿ. 2020ರಲ್ಲಿ ಬಿಎಸ್-6 ಮಾಲಿನ್ಯ ನಿಯಮದೊಂದಿಗೆ ಡೀಸೆಲ್ ನಿಂತಿತು. 2021ರಲ್ಲಿ ಪೆಟ್ರೋಲ್ ಎಂಜಿನ್ನನ್ನು 90 ಅಶ್ವಶಕ್ತಿಗೆ ಏರಿಸಿದರು. ಈಗಿನ ಮುನಿಸಿನಲ್ಲಿ ಇದೆಲ್ಲ ಸೇರಿದೆ. ಮೊದಲು ಡೀಸೆಲ್‌ನ ತಳ್ಳಾಟ ಹೋಯಿತು, ಆಮೇಲೆ ನಾಲ್ಕನೇ ಸಿಲಿಂಡರ್ ಹೋಯಿತು.

ಇನ್ನೊಂದು ಕಾರಣವೂ ಇದೆ. ಜಪಾನಿನಲ್ಲಿ 2017ರಿಂದ ಸ್ವಿಫ್ಟ್ ಸ್ಪೋರ್ಟ್ ಎಂಬ ಕಾರು ಮಾರಾಟವಾಯಿತು: 1.4 ಲೀಟರ್ ಟರ್ಬೊ, 140 ಅಶ್ವಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ. ಅದು ಭಾರತದ ಮಳಿಗೆಗೆ ಬರಲೇ ಇಲ್ಲ. 2006ರ ಕೇಂದ್ರ ಬಜೆಟ್ಟಿನಿಂದ ನಮ್ಮಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡನೆಯ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ತೆರಿಗೆ ಕಡಿಮೆ. ಸ್ವಿಫ್ಟ್‌ನ ಎಂಜಿನ್ 1197 ಸಿಸಿಗೆ ಬಂದು ನಿಂತದ್ದು, ಉದ್ದ 3860 ಮಿಲಿಮೀಟರಿಗೆ ಸೀಮಿತವಾದದ್ದು ಆ ಗೆರೆಯ ಒಳಗಿರಲೆಂದೇ. 1.4 ಲೀಟರಿನದು ಗೆರೆ ದಾಟುತ್ತದೆ, ಬೆಲೆ ಹಾರುತ್ತದೆ. ಪಕ್ಕಾ ಅಭಿಮಾನಿ ಪ್ರತಿ ಸಲ ಹೊಸ ಸ್ವಿಫ್ಟ್ ಬಂದಾಗಲೂ ತನಗೆ ಸಿಗದ ಆ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡೇ ಎದುರಿನದನ್ನು ನೋಡುತ್ತಾನೆ. ಅವನ ಮಾತು ಕೇಳುವಾಗ ಇದು ನೆನಪಿರಲಿ.

ಈಗ ಆ ಎಂಟು ಅಶ್ವಶಕ್ತಿಯ ಲೆಕ್ಕ. ಎಂಜಿನ್ನಿನ ಶಕ್ತಿ ಎಂದರೆ ಟಾರ್ಕ್ ಮತ್ತು ಎಂಜಿನ್ ತಿರುಗುವ ವೇಗದ ಗುಣಾಕಾರ. ಟಾರ್ಕ್ ಎಂದರೆ ಚಕ್ರವನ್ನು ತಿರುಗಿಸುವ ಬಲ. ಹಳೆಯ ಎಂಜಿನ್ನಿನ ಟಾರ್ಕ್ 113 ನ್ಯೂಟನ್ ಮೀಟರ್, ಹೊಸದರದು ಸುಮಾರು 112. ಹೆಚ್ಚೂ ಕಡಿಮೆ ಒಂದೇ. ಹಾಗಾದರೆ ಶಕ್ತಿ ಎಲ್ಲಿ ಸೋರಿತು? ಮೇಲ್ತುದಿಯಲ್ಲಿ. ಹಳೆಯದು 6000 ಆರ್‌ಪಿಎಂವರೆಗೂ ಉಸಿರು ಕಟ್ಟದೆ ಏರುತ್ತಿತ್ತು. ಹೊಸದು 5700ಕ್ಕೆ ತನ್ನ ಗರಿಷ್ಠ ಮುಟ್ಟುತ್ತದೆ, ಅಲ್ಲಿಂದ ಮುಂದೆ ಸದ್ದು ಹೆಚ್ಚುತ್ತದೆಯೇ ಹೊರತು ಓಟ ಅಷ್ಟು ಹೆಚ್ಚುವುದಿಲ್ಲ. ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲೋ ಕಾಲೇಜು ರಸ್ತೆಯಲ್ಲೋ ಎರಡನೇ ಗೇರಿನಲ್ಲಿ ಓಡಾಡುವವರಿಗೆ ಈ ನಷ್ಟ ಜನ್ಮದಲ್ಲಿ ಗೊತ್ತಾಗುವುದಿಲ್ಲ. ಅಲ್ಲಿ ಹೊಸ ಎಂಜಿನ್ ಹಳೆಯದಕ್ಕಿಂತ ಸರಾಗವಾಗಿಯೇ ಎಳೆಯುತ್ತದೆ. ಎಂಜಿನ್ನನ್ನು ಕೊನೆಯವರೆಗೆ ಏರಿಸಿ ಗೇರ್ ಬದಲಿಸುವ ಸುಖ ಬಲ್ಲವನಿಗೆ ಮಾತ್ರ ಕೊರತೆ ತಟ್ಟುತ್ತದೆ. ರಸಿಕನ ದೂರು ಇರುವುದು ಇಲ್ಲಿ.

ಇದನ್ನು ಅನುಭವಿಸಲು ಸಂಡೂರಿನ ದಾರಿಗಿಂತ ಒಳ್ಳೆಯ ಪಾಠಶಾಲೆ ನಮ್ಮ ಸೀಮೆಯಲ್ಲಿಲ್ಲ. ಹೊಸಪೇಟೆ ಬಿಟ್ಟು ಗುಡ್ಡದ ಕಡೆ ತಿರುಗಿದರೆ ಏರು, ತಿರುವು, ಲಾರಿ ಎಲ್ಲವೂ ಸಿಗುತ್ತವೆ. ಎಸಿ ಹಾಕಿ. ಜೊತೆಗೆ ಮೂವರನ್ನು ಕೂರಿಸಿಕೊಳ್ಳಿ, ಏಕೆಂದರೆ ಕೊಂಡ ಮೇಲೆ ಕಾರು ಒಬ್ಬರನ್ನೇ ಹೊತ್ತು ಓಡಾಡುವುದು ಅಪರೂಪ. ಏರಿನಲ್ಲಿ ಮೂರನೇ ಗೇರಿನಲ್ಲಿ ಸುಮಾರು 2000 ಆರ್‌ಪಿಎಂನಲ್ಲಿದ್ದಾಗ ಆಕ್ಸಿಲರೇಟರನ್ನು ನಿಧಾನವಾಗಿ ಪೂರ್ತಿ ಒತ್ತಿ. ಕಾರು ತಡವರಿಸುತ್ತದೆಯೇ, ತಕ್ಷಣ ಎಳೆಯುತ್ತದೆಯೇ, ಎರಡನೇ ಗೇರಿಗೆ ಇಳಿಸು ಎಂದು ಗೋಗರೆಯುತ್ತದೆಯೇ? ಪಾದಕ್ಕೆ ಸಿಗುವ ಈ ಉತ್ತರವೇ ನಿಮ್ಮ ಮೊದಲ ಪಾಠ. ಎರಡನೇ ಗೇರಿಗೆ ಇಳಿಸಿದ ಮೇಲೆ ಎಂಜಿನ್ ಹೇಗೆ ಏರುತ್ತದೆ ಎಂಬುದು ಎರಡನೆಯದು. ಬೇಸಿಗೆಯ ಮಧ್ಯಾಹ್ನ ಇದೇ ಪರೀಕ್ಷೆ ಮಾಡಿದರೆ ಫಲ ಬೇರೆ ಬರುತ್ತದೆ. ನಮ್ಮಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬಿಸಿ ಗಾಳಿಯ ಸಾಂದ್ರತೆ ಕಡಿಮೆಯಾದ್ದರಿಂದ ಟರ್ಬೊ ಇಲ್ಲದ ಎಂಜಿನ್ನಿಗೆ ಸಿಗುವ ಆಮ್ಲಜನಕವೂ ಕಡಿಮೆ. ಎಸಿ ಕಂಪ್ರೆಸರ್ ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ. ಬೆಂಗಳೂರಿನ ತಂಪಿನಲ್ಲಿ ಓಡಿಸಿ ಬರೆದ ವಿಮರ್ಶೆಗೂ ಸಂಡೂರಿನ ಏಪ್ರಿಲ್‌ಗೂ ಹೊಂದಾಣಿಕೆ ಆಗದಿರುವುದು ಸಹಜ.

ಈ ಏರಿನಲ್ಲಿ ಲಾರಿ ಹಿಂದಿಕ್ಕುವ ಮನಸ್ಸಾಗುವುದು ಸಹಜವಾದ್ದರಿಂದ ಒಂದು ಸಂಗತಿಯನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಮುಂದಿನ ತಿರುವು ಕಾಣದ ಕಡೆ ಯಾವ ಕಾರಿನ ಪಿಕಪ್ಪೂ ನಿಮ್ಮನ್ನು ಕಾಯುವುದಿಲ್ಲ. ಈ ರಸ್ತೆಗಳಲ್ಲಿ ಹಳ್ಳಿಯವರು, ಕುರಿಮಂದೆ, ಶಾಲೆಯ ಮಕ್ಕಳು ಓಡಾಡುತ್ತಾರೆ. ಎಂಜಿನ್ನಿನ ಗುಣ ತಿಳಿಯಲು ಗಂಟೆಗೆ 60 ಕಿಲೋಮೀಟರ್ ವೇಗ ಸಾಕು. ಅದಕ್ಕಿಂತ ಹೆಚ್ಚು ವೇಗ ಬೇಕೆನ್ನುವವರು ಎಂಜಿನ್ನಿನ ಪರೀಕ್ಷೆ ಮಾಡುತ್ತಿಲ್ಲ.

ಮೂರು ಸಿಲಿಂಡರಿನ ಬಗ್ಗೆ ಕೇಳಿಬರುವ 'ನಡುಕ'ದ ದೂರಿಗೂ ಯಂತ್ರಶಾಸ್ತ್ರದ ಆಧಾರವಿದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಪ್ರತಿ 180 ಡಿಗ್ರಿ ತಿರುಗಿದಾಗ ಒಂದು ದಹನ. ಮೂರು ಸಿಲಿಂಡರಿನಲ್ಲಿ 240 ಡಿಗ್ರಿಗೊಂದು. ಹೊಡೆತಗಳ ನಡುವಿನ ಅಂತರ ಹೆಚ್ಚು, ಎಂಜಿನ್ ತುದಿಯಿಂದ ತುದಿಗೆ ತುಸು ಒಲೆದಾಡುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಗೇರ್ ಹಿಡಿಯ ಮೇಲೆ ಅಂಗೈ ಇಟ್ಟು ನೋಡಿ, ತಿಳಿಯುತ್ತದೆ. ಬದಲಿಗೆ ಒಂದು ಪಿಸ್ಟನ್ ಕಡಿಮೆಯಾದ್ದರಿಂದ ಒಳಗಿನ ಘರ್ಷಣೆ ಕಡಿಮೆ, ಲೀಟರಿಗೆ 24.80 ಕಿಲೋಮೀಟರ್ ಎಂಬ ಅಧಿಕೃತ ಮೈಲೇಜಿನಲ್ಲಿ ಇದಕ್ಕೂ ಪಾಲಿದೆ. ಸದ್ದಿನ ವಿಷಯದಲ್ಲಿ ನಾನು ಅಭಿಮಾನಿಗಳಿಂದ ಸ್ವಲ್ಪ ದೂರ ನಿಲ್ಲುತ್ತೇನೆ. ಮೂರು ಸಿಲಿಂಡರಿನ ಗೊಗ್ಗರು ದನಿಗೆ ಅದರದೇ ಚೆಲುವಿದೆ. ನಾಲ್ಕು ಸಿಲಿಂಡರಿನ ನಯವಾದ ರಾಗಕ್ಕೆ ಪಳಗಿದ ಕಿವಿ ಅದನ್ನು ಒಪ್ಪಲು ಕೆಲವು ವಾರ ಬೇಕು.

ಪಿಕಪ್ಪೇ ಮುಖ್ಯ ಎನ್ನುವವರು ಹ್ಯುಂಡೈ ಐ20 ಎನ್ ಲೈನ್ ಅಥವಾ ಟಾಟಾ ಆಲ್ಟ್ರೋಜ್ ರೇಸರ್ ಓಡಿಸಿ ನೋಡಲಿ. ಎರಡೂ ಟರ್ಬೊ, ಎರಡೂ 120 ಅಶ್ವಶಕ್ತಿ. ಐ20 ಎನ್ ಲೈನ್‌ನ 172 ನ್ಯೂಟನ್ ಮೀಟರ್ 1500 ಆರ್‌ಪಿಎಂನಲ್ಲೇ ಸಿಗುತ್ತದೆ. ಸಂಡೂರಿನ ಏರಿನಲ್ಲಿ ಅದು ಬೇರೆಯೇ ಪ್ರಾಣಿ. 2021ರಲ್ಲಿ ಬಂದಾಗ ಅದರಲ್ಲಿ ಕ್ಲಚ್ ಪೆಡಲ್ ಇರುವ ಗೇರ್‌ಬಾಕ್ಸ್ ಇರಲಿಲ್ಲ. ರಸಿಕರು ಗೊಣಗಿದರು. 2023ರ ಪರಿಷ್ಕೃತ ಕಾರಿಗೆ ಆರು ಗೇರಿನ ನಿಜವಾದ ಮ್ಯಾನ್ಯುವಲ್ ಬಂತು.

ಕಂಪ್ಲಿಯ ಕಡೆಗೆ ಹೊರಟರೆ ಪರೀಕ್ಷೆ ಎಂಜಿನ್ನಿನಿಂದ ಸಸ್ಪೆನ್ಷನ್ನಿಗೆ ಬದಲಾಗುತ್ತದೆ. ಕಾಲುವೆ, ಭತ್ತದ ಗದ್ದೆ, ಬಾಳೆತೋಟ, ಊರೂರಿಗೆ ಒಂದೆರಡು ಹಂಪ್, ಕಬ್ಬಿನ ಟ್ರ್ಯಾಕ್ಟರುಗಳು ಅಂಚು ಮುರಿದ ಡಾಂಬರು. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಹರಡಿರುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಎರಡು. ಒಂದು, ಗುಂಡಿಗೆ ಇಳಿದ ಚಕ್ರದ ಪೆಟ್ಟು ಸ್ಟೇರಿಂಗಿಗೆ ಎಷ್ಟು ಬರುತ್ತದೆ ಎಂಬುದು. ಇನ್ನೊಂದು, ಹಂಪ್ ದಾಟಿದ ಮೇಲೆ ಕಾರು ಒಂದೇ ಸಲ ಏರಿಳಿದು ನೆಲೆಗೊಳ್ಳುತ್ತದೆಯೇ, ಎರಡು ಮೂರು ಸಲ ತೂಗುತ್ತದೆಯೇ ಎಂಬುದು. ಗಡುಸು ಸಸ್ಪೆನ್ಷನ್ನಿಗೆ ಸ್ಪೋರ್ಟಿ ಎಂಬ ಬಿರುದು ಸುಲಭವಾಗಿ ಸಿಗುತ್ತದೆ. ಗಡುಸಾಗಿದ್ದೂ ಒರಟಾಗದ ಸಸ್ಪೆನ್ಷನ್ ಸಿಗುವುದು ಕಷ್ಟ. ಹೊಸ ಸ್ವಿಫ್ಟ್‌ನ ನೆಲದಂತರ 163 ಮಿಲಿಮೀಟರ್. ಎತ್ತರದ ಹಂಪ್ ಕಂಡರೆ ತುಂಬಿದ ಕಾರನ್ನು ನಿಧಾನಿಸಲೇಬೇಕು. ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ-ಗಂಗಾವತಿ ಸೇತುವೆ ಮುಳುಗುತ್ತದೆ. ಆಗ ಯಾವ ಕಾರನ್ನೂ ಪರೀಕ್ಷೆಗೆ ಒಡ್ಡಬೇಡಿ.

ರೂಪದ ವಿಷಯಕ್ಕೆ ಹಂಪಿಗೇ ಹೋಗಬೇಕು. ಸ್ಮಾರಕಗಳ ಪಕ್ಕದಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯುವುದಕ್ಕಲ್ಲ. ನಿಲುಗಡೆಗೆ ಬಿಟ್ಟ ಜಾಗದಲ್ಲೇ ನಿಲ್ಲಿಸಿ. ಹಂಪಿ ಬೇಕಾಗಿರುವುದು ಬೆಳಕಿಗಾಗಿ. ಶೋರೂಮಿನ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಕಾರೂ ಹೊಳೆಯುತ್ತವೆ, ಯಾವುದರ ಮೈಕಟ್ಟೂ ತಿಳಿಯುವುದಿಲ್ಲ. ಸಂಜೆ ಐದರ ಓರೆ ಬಿಸಿಲು ಬಂಡೆಗಳ ಮೇಲೆ ಬೀಳುವಾಗ ಕಾರಿನ ಪಕ್ಕದಲ್ಲಿ ಹೆಡ್‌ಲೈಟಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಬಾಗಿಲುಗಳ ಉದ್ದಕ್ಕೂ ಕಣ್ಣು ಹಾಯಿಸಿ. ಹೊಸ ಸ್ವಿಫ್ಟ್‌ನಲ್ಲಿ ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಸಾಗುವ ಮಡಿಕೆ ಆಗ ಎದ್ದು ಕಾಣುತ್ತದೆ. ಬಿಳಿ ಬಣ್ಣದಲ್ಲಿ ಅದು ಅರ್ಧ ಮಾಯವಾಗುತ್ತದೆ. ಕೆಂಪು ಅಥವಾ ನೀಲಿಯನ್ನೇ ನೋಡಿ. ಆಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ಚಕ್ರಗಳು ಎಲ್ಲಿವೆ ನೋಡಿ. 2005ರ ಸ್ವಿಫ್ಟ್ ಬರೀ 3695 ಮಿಲಿಮೀಟರ್ ಉದ್ದವಿತ್ತು, ಚಕ್ರಗಳನ್ನು ಮೂಲೆಗಳಿಗೆ ತಳ್ಳಿದ್ದರು, ಕಿಟಕಿ ಕಂಬಗಳಿಗೆ ಕಪ್ಪು ಬಳಿದು ಮಾಡು ಗಾಳಿಯಲ್ಲಿ ತೇಲುವಂತೆ ತೋರಿಸಿದ್ದರು. ನಾಲ್ಕು ತಲೆಮಾರುಗಳಲ್ಲಿ ಆ ಮೂಲ ಕಲ್ಪನೆಗೆ ಮೊದಲನೆಯದೇ ಅತ್ಯಂತ ಪ್ರಾಮಾಣಿಕವಾದದ್ದು ಎಂಬುದು ನನ್ನ ಗಟ್ಟಿ ನಿಲುವು.

ಹಿಂಬಾಗಿಲಿನ ಹಿಡಿಯ ಬಗ್ಗೆಯೂ ವಾದವಿದೆ. 2018ರ ಕಾರಿನಲ್ಲಿ ಅದನ್ನು ಕಿಟಕಿಯ ಪಕ್ಕದ ಕಪ್ಪು ಪಟ್ಟಿಯಲ್ಲಿ ಅಡಗಿಸಿ, ಎರಡು ಬಾಗಿಲಿನ ಕಾರಿನಂತೆ ಕಾಣಿಸಿದ್ದರು. ಹೊಸದರಲ್ಲಿ ಹಿಡಿ ಮತ್ತೆ ಬಾಗಿಲಿಗೇ ಬಂದಿದೆ. ರೂಪ ಸಪ್ಪೆಯಾಯಿತು ಎಂದು ಕೆಲವರು ಬೇಸರಪಟ್ಟರು. ಮದುವೆಗೆ ಹೊರಟ ಅಜ್ಜಿ ಕಾರಿನ ಪಕ್ಕ ನಿಂತು ಹಿಡಿ ಹುಡುಕುವುದನ್ನು ಕಂಡವರು ಬೇಸರಪಡಲಾರರು. ನಾನು ಅಜ್ಜಿಯ ಪಕ್ಷ.

ಅಭಿಪ್ರಾಯ ಕೇಳುವಾಗ ಎದುರಿನವರು ಈಗ ಯಾವ ಕಾರು ಓಡಿಸುತ್ತಾರೆಂದು ಮೊದಲು ವಿಚಾರಿಸಿ. ಹಳೆಯ ಡೀಸೆಲ್ ಸ್ವಿಫ್ಟ್‌ನವರಿಗೆ ಹೊಸದು ಸಪ್ಪೆ. ವ್ಯಾಗನ್ ಆರ್‌ನಿಂದ ಬಂದವರಿಗೆ ಅದೇ ಚುರುಕು. ಹಂಪಿ ಪ್ರವಾಸಿಗರನ್ನು ಕರೆದೊಯ್ಯುವ ಡಿಜೈರ್ ಚಾಲಕರ ಮಾತಿಗೆ ವಿಶೇಷವಾಗಿ ಕಿವಿಗೊಡಿ. ಕ್ಲಚ್ ಎಷ್ಟು ಬೇಗ ಸವೆಯುತ್ತದೆ, ಎರಡನೇ ಗೇರ್ ಬಿಸಿಯಲ್ಲಿ ಸಲೀಸಾಗಿ ಬೀಳುತ್ತದೆಯೇ ಎಂಬುದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಡಿಜೈರ್‌ಗೂ 2024ರ ನವೆಂಬರಿನಿಂದ ಇದೇ ಮೂರು ಸಿಲಿಂಡರಿನ ಎಂಜಿನ್.

ಶೋರೂಮಿನವರು ಪರೀಕ್ಷೆಗೆ ಕಾರು ಕೊಟ್ಟಾಗ ಊರೊಳಗೆ ಒಂದು ಸುತ್ತು ಹಾಕಿಸಿ ಮುಗಿಸಲು ನೋಡುತ್ತಾರೆ. ಸಂಡೂರು ದಾರಿಯ ಮೊದಲ ಏರಿನವರೆಗಾದರೂ ಹೋಗಬೇಕೆಂದು ಮುಂಚಿತವಾಗಿಯೇ ಹೇಳಿ. ಹೋಗುವಾಗ ನೀವು ಓಡಿಸಿ. ಬರುವಾಗ ಬೇರೆಯವರಿಗೆ ಸ್ಟೇರಿಂಗ್ ಕೊಟ್ಟು ಹಿಂದಿನ ಸೀಟಿನಲ್ಲಿ ಕೂತು ಬನ್ನಿ. ಅಭಿಮಾನಿಗಳ ಚರ್ಚೆಯಲ್ಲಿ ಹಿಂದಿನ ಸೀಟಿನ ಸುದ್ದಿ ಬರುವುದೇ ಕಡಿಮೆ. ಮನೆಯವರು ಕೂರುವುದು ಅಲ್ಲಿ.