ಟ್ರಂಪ್ ಸಾಹೇಬರ ಹಿಮ್ಮೇಳ

ನಮ್ಮ ವಾಚನಾಲಯದ ಕಟ್ಟಿ ಮ್ಯಾಲ ಅಮೆರಿಕಾದ ಮಾತು ಬಂದಾಗೆಲ್ಲಾ ಒಂದು ಪ್ರಶ್ನೆ ತಪ್ಪದ ಏಳತೈತಿ. ಒಬ್ಬ ಉಮೇದವಾರನ ಮ್ಯಾಲ ಒಂದರ ಹಿಂದ ಒಂದು ಹಗರಣ ಬರತಾವ, ಕೋರ್ಟು ತಪ್ಪಿತಸ್ಥ ಅಂತ ಹೇಳತೈತಿ, ಆದರೂ ಕೋಟಿಗಟ್ಟಲೆ ಮಂದಿ ಅವಗ ಮತ ಹಾಕತಾರ. ಅದು ಹ್ಯಾಂಗ? ಮಾಸ್ತರರು ‘ಶಿಕ್ಷಣದ ಕೊರತೆ’ ಅಂತಾರ. ಹುಡುಗರು ‘ಮೊಬೈಲಿನ ಸುಳ್ಳು ಸುದ್ದಿ’ ಅಂತಾರ. ಎರಡರಾಗೂ ಸ್ವಲ್ಪ ಖರೆ ಐತಿ, ಆದರ ಅಷ್ಟಕ್ಕ ಮುಗಿಯೂದಿಲ್ಲ. ನಾನು ಏಳನೇ ಇಯತ್ತೆ ಕಲಿತ ರೈತ. ಆದರ ನಲವತ್ತು ವರ್ಷ ಗೀಗೀ ಮೇಳದಾಗ ಹಾಡೀನಿ. ಮುಂದ ನಿಂತು ಹಾಡುವವ ಮತ್ತು ಅವನ ಬೆನ್ನಿಗೆ ನಿಂತವರು, ಇವರ ಸಂಬಂಧ ಎಂಥಾದ್ದು ಅನ್ನೂದು ನನಗ ಗೊತ್ತು. ಆ ತಿಳಿವಳಿಕೆಯಿಂದ ಈ ವಿಷಯ ಬರೀತೀನಿ.

ಮೊದಲು ನಡೆದದ್ದನ್ನು ಸಾಲಾಗಿ ಇಡೋಣ. ಡೊನಾಲ್ಡ್ ಟ್ರಂಪ್ ಅವರು 2015ರ ಜೂನ್ ತಿಂಗಳಾಗ ನ್ಯೂಯಾರ್ಕಿನ ತಮ್ಮ ಕಟ್ಟಡದಾಗ ಉಮೇದವಾರಿ ಸಾರಿದರು. ಒಂದೇ ತಿಂಗಳಿಗೆ ಜಾನ್ ಮೆಕೇನ್ ಎಂಬ ಹಿರಿಯ ಸೆನೆಟರನ್ನು ಹಂಗಿಸಿದರು. ಮೆಕೇನ್ ವಿಯೆಟ್ನಾಂ ಯುದ್ಧದಾಗ ಶತ್ರುವಿನ ಸೆರೆಮನೆಯಲ್ಲಿ ಐದು ವರ್ಷಕ್ಕಿಂತ ಹೆಚ್ಚು ಕಾಲ ನರಳಿ ಬಂದವರು. ಸೆರೆ ಸಿಕ್ಕವರಿಗಿಂತ ಸೆರೆ ಸಿಗದವರೇ ತಮಗ ಇಷ್ಟ ಅಂದರು ಟ್ರಂಪ್. ಸೈನಿಕರನ್ನು ದೇವರಂಗ ಕಾಣುವ ದೇಶದಾಗ ಇದು ಅವರ ಕಡೇ ಮಾತು ಅಂತ ಪತ್ರಿಕೆಯವರು ಬರೆದರು. ಹಂಗಾಗಲಿಲ್ಲ. 2016ರ ಅಕ್ಟೋಬರದಾಗ, ಮತದಾನಕ್ಕ ಒಂದೇ ತಿಂಗಳು ಇದ್ದಾಗ, ಹೆಣ್ಣುಮಕ್ಕಳ ಮ್ಯಾಲ ಕೈಹಾಕುವ ಬಗ್ಗೆ ಅವರು ಜಂಬದಿಂದ ಆಡಿದ ಹಳೇ ಮಾತಿನ ಧ್ವನಿಮುದ್ರಣ ಹೊರಬಿತ್ತು. ಅವರದೇ ಪಕ್ಷದ ದೊಡ್ಡ ಮುಖಂಡರು ದೂರ ಸರಿದರು. ಮತದಾರರು ಸರಿಯಲಿಲ್ಲ. ಆ ಸಲ ಅವರಿಗೆ ಬಿದ್ದ ಮತ ಸುಮಾರು 6 ಕೋಟಿ 30 ಲಕ್ಷ. ಎದುರಾಳಿ ಹಿಲರಿ ಕ್ಲಿಂಟನ್ ಅವರಿಗೆ ಇನ್ನೂ 28 ಲಕ್ಷ ಹೆಚ್ಚು ಬಿದ್ದಿದ್ದವು. ಆದರ ಅಲ್ಲಿ ರಾಜ್ಯವಾರು ಲೆಕ್ಕ ನಡೀತೈತಿ, ಅದರ ಪ್ರಕಾರ ಟ್ರಂಪ್ ಗೆದ್ದರು.

ಮುಂದ ಸಂಸತ್ತು ಅವರ ಮ್ಯಾಲ ಎರಡು ಸಲ ಮಹಾಭಿಯೋಗ ಹೂಡಿತು, 2019ರಾಗ ಒಮ್ಮೆ, 2021ರಾಗ ಒಮ್ಮೆ. ನಡುವ 2020ರಾಗ ಅವರು ಸೋತರು. ಆದರ ಸೋತ ಸಲ ಬಿದ್ದ ಮತ ಗೆದ್ದ ಸಲಕ್ಕಿಂತ ಹೆಚ್ಚು, 7 ಕೋಟಿ 42 ಲಕ್ಷ. 2023ರಾಗ ನಾಲ್ಕು ಕಡೆ ಕ್ರಿಮಿನಲ್ ಖಟ್ಲೆ ಬಿದ್ದವು. ಒಬ್ಬ ಹೆಣ್ಣುಮಗಳ ಬಾಯಿ ಮುಚ್ಚಿಸಲಿಕ್ಕೆ ಕೊಟ್ಟ ರೊಕ್ಕವನ್ನು ಲೆಕ್ಕದ ಪುಸ್ತಕದಾಗ ಬೇರೆ ಖರ್ಚು ಅಂತ ತೋರಿಸಿದ್ದಕ್ಕ, 2024ರ ಮೇ 30ಕ್ಕೆ ನ್ಯೂಯಾರ್ಕಿನ ಪಂಚರು 34 ಆರೋಪದಾಗೂ ತಪ್ಪಿತಸ್ಥ ಅಂದರು. ಅಮೆರಿಕಾದ ಮಾಜಿ ಅಧ್ಯಕ್ಷರೊಬ್ಬರಿಗೆ ಇಂಥಾ ತೀರ್ಪು ಬಂದದ್ದು ಅದೇ ಮೊದಲು. ಟ್ರಂಪ್ ಅದನ್ನು ಒಪ್ಪಲಿಲ್ಲ, ಎಲ್ಲಾ ಷಡ್ಯಂತ್ರ ಅಂದರು. ಅದೇ ವರ್ಷ ನವೆಂಬರದಾಗ 7 ಕೋಟಿ 73 ಲಕ್ಷ ಮತ ತಗೊಂಡು ಮತ್ತ ಗೆದ್ದರು.

ಈ ಸಾಲು ನೋಡಿದವರಿಗೆ ಒಂದು ಮಾತು ಸ್ಪಷ್ಟ ಆಗತೈತಿ. ಮಂದಿಗೆ ಗೊತ್ತಿರಲಿಲ್ಲ ಅನ್ನೂದು ಸುಳ್ಳು. ಎಲ್ಲಾ ಹಾಡುಹಗಲ ನಡೆದದ್ದು, ಎಲ್ಲಾ ಟಿವಿಯಾಗ ಬಂದದ್ದು. ತಾನು ನ್ಯೂಯಾರ್ಕಿನ ಐದನೇ ಅವೆನ್ಯೂದ ನಡುವ ನಿಂತು ಒಬ್ಬನಿಗೆ ಗುಂಡು ಹಾಕಿದರೂ ಒಂದು ಮತ ಕಳಕೊಳ್ಳೂದಿಲ್ಲ ಅಂತ ಅವರೇ 2016ರ ಜನವರಿಯೊಳಗ ಅಯೋವಾ ರಾಜ್ಯದ ಸಭೆಯೊಳಗ ಹೇಳಿದ್ದರು. ಕೇಳಿದ ಮಂದಿ ನಕ್ಕರು. ಆ ನಗುವಿನಾಗ ಉತ್ತರ ಐತಿ.

ಅವರ ಸಭೆಗಳನ್ನು ನಾನು ಮೊಬೈಲಿನಾಗ ಬಹಳ ಸಲ ನೋಡೀನಿ. ಮಾತಿನ ಅರ್ಥ ಎಲ್ಲಾ ತಿಳಿಯೂದು ಬೇಕಾಗಿಲ್ಲ, ಲಯ ತಿಳಿದರೆ ಸಾಕು. ಅವರು ಒಂದು ಮಾತು ಅರ್ಧಕ್ಕ ಬಿಡತಾರ, ಮಂದಿ ಅದನ್ನು ಪೂರಾ ಮಾಡತಾರ. ‘ಗೋಡೆ ಕಟ್ಟು’ ಅನ್ನೂದು ಒಂದು ಪಲ್ಲವಿ, ‘ಅವಳನ್ನ ಒಳಗ ಹಾಕು’ ಅನ್ನೂದು ಇನ್ನೊಂದು ಪಲ್ಲವಿ. ಕೆಂಪು ಟೊಪ್ಪಿಗಿ ಒಂದೇ ನಮೂನೆ. ಕಡೆಗೆ ಒಂದು ಹಳೇ ಕುಣಿತದ ಹಾಡು ಹಚ್ಚಿ ಕೈ ಆಡಿಸತಾರ. ಅಲ್ಲಿ ಬಂದವರು ಪ್ರೇಕ್ಷಕರಲ್ಲ, ಹಿಮ್ಮೇಳದವರು. ಇದನ್ನು ತಿಳಕೊಳ್ಳದ ಹೊರತು ಈ ನಿಷ್ಠೆ ತಿಳಿಯೂದಿಲ್ಲ. ಪ್ರೇಕ್ಷಕ ಹಾಡು ಸೇರದಿದ್ರ ಎದ್ದು ಹೋಗತಾನ. ಹಿಮ್ಮೇಳದವ ಎದ್ದು ಹೋಗಬೇಕಾದರ ತನ್ನ ದನಿಯನ್ನ ತಾನೇ ಅಡಗಿಸಬೇಕು. ನಮ್ಮಲ್ಲಿ ಹರದೇಶಿಯವರು ಗಂಡು ಹೆಚ್ಚು ಅಂತಾರ, ನಾಗೇಶಿಯವರು ಹೆಣ್ಣು ಹೆಚ್ಚು ಅಂತಾರ. ರಾತ್ರಿಯೆಲ್ಲಾ ವಾದ ನಡೆದ ಮ್ಯಾಲ ಹರದೇಶಿ ಮನೆತನದವ ನಾಗೇಶಿ ಆಗಿ ಎದ್ದದ್ದನ್ನು ನಾನು ಕಂಡಿಲ್ಲ.

ಟ್ರಂಪ್ ಸಾಹೇಬರು ಇದನ್ನು ಚಲೋತ್ನಾಗಿ ತಿಳಿದ ಹಾಡುಗಾರ. ಅವರು ಮತ್ತ ಮತ್ತ ಹೇಳಿದ ಒಂದು ಮಾತು ಐತಿ: ಅವರು ಬೆನ್ನು ಹತ್ತಿದ್ದು ನನಗಲ್ಲ, ನಿಮಗ, ನಾನು ನಡುವ ಅಡ್ಡ ನಿಂತೀನಿ ಅಷ್ಟ. ಈ ಒಂದು ಮಾತಿನಿಂದ ಹಗರಣದ ಅರ್ಥವೇ ತಿರುಗಿತು. ಕೋರ್ಟಿನ ಸಮನ್ಸು ಸಾಹೇಬರ ಹೆಸರಿಗೆ ಬಂದರೂ ಓದುವವ ತನ್ನ ಹೆಸರು ಓದಿಕೊಂಡ. 2023ರ ಆಗಸ್ಟಿನಾಗ ಅಟ್ಲಾಂಟಾದ ಜೈಲಿನಾಗ ಅವರ ಫೋಟೋ ತೆಗೆದರು. ಬೇರೆ ಪುಢಾರಿ ಆಗಿದ್ದರ ಮಾರಿ ಮುಚ್ಚಿಕೊಳ್ಳತಿದ್ದ. ಇವರು ಅದೇ ಫೋಟೋ ಅಂಗಿ ಮ್ಯಾಲ, ಕಪ್ಪಿನ ಮ್ಯಾಲ ಹಾಕಿ ಮಾರಿದರು. ಕೆಲವೇ ದಿನದಾಗ 71 ಲಕ್ಷ ಡಾಲರ್ ಕೂಡಿತು ಅಂತ ಅವರ ಪ್ರಚಾರದವರೇ ಹೇಳಿದರು. 34 ಆರೋಪದ ತೀರ್ಪು ಬಂದ ಕೆಲ ತಾಸಿನಾಗ ಬಂದ ಚಿಲ್ಲರ ದೇಣಿಗಿ 3 ಕೋಟಿ 48 ಲಕ್ಷ ಡಾಲರ್ ಅಂತ ಸಾರಿದರು. ಹಗರಣ ಆದರೂ ಮಂದಿ ರೊಕ್ಕ ಕೊಟ್ಟರು ಅನ್ನೂದು ಅರ್ಧ ಮಾತು. ಹಗರಣ ಆದದ್ದಕ್ಕೇ ಕೊಟ್ಟರು.

ಎದುರಿನ ಮೇಳದವರೂ ಇದಕ್ಕ ಎಣ್ಣಿ ಹಾಕಿದರು. ಹಿಲರಿ ಕ್ಲಿಂಟನ್ ಅವರು 2016ರ ಸೆಪ್ಟೆಂಬರದಾಗ ಟ್ರಂಪ್ ಬೆಂಬಲಿಗರೊಳಗ ಅರ್ಧ ಮಂದಿ ಹೇಯ ಜನ ಅನ್ನುವ ಅರ್ಥದ ಮಾತು ಆಡಿದರು, ಮರುದಿನ ವಿಷಾದವನ್ನೂ ಹೇಳಿದರು. ಆದರ ಆಡಿದ ಮಾತು ಆಡಿ ಹೋಗಿತ್ತು. ಬಯಲಾಟದಾಗ ಎದುರಿನ ಹಾಡುಗಾರನನ್ನ ಬೈದರ ಮಂದಿ ನಗತಾರ. ಅವನ ಹಿಂದ ತಾಳ ಹಾಕುವವನನ್ನ ಬೈದರ ಅವ ಜನ್ಮ ಇರೂತನಕ ಮರೆಯೂದಿಲ್ಲ.

ಇನ್ನೊಂದು ಮಾತು ನ್ಯಾಯವಾಗಿ ಹೇಳಬೇಕು. ಇವರೆಲ್ಲಾ ಬರೇ ಕುಣಿತಕ್ಕ ಮರುಳಾದವರಲ್ಲ. ಗರ್ಭಪಾತದ ಹಕ್ಕನ್ನು ವಿರೋಧಿಸುವ ಚರ್ಚಿನ ಮಂದಿ ಸುಪ್ರೀಂ ಕೋರ್ಟಿಗೆ ತಮ್ಮ ವಿಚಾರದ ನ್ಯಾಯಾಧೀಶರು ಬೇಕಂತ ಮತ ಹಾಕಿದರು. ಟ್ರಂಪ್ ಮೂವರನ್ನು ನೇಮಿಸಿದರು, 1973ರಿಂದ ಇದ್ದ ಆ ಹಕ್ಕು 2022ರ ಜೂನಿನಾಗ ರದ್ದಾಯಿತು. ಅವರ ಲೆಕ್ಕದಾಗ ವ್ಯವಹಾರ ಚುಕ್ತಾ ಆಯಿತು. 2024ರಾಗ ಕಿರಾಣಿ ಅಂಗಡಿಯ ಬೆಲೆಗೆ ಬೇಸತ್ತು ಮತ ಹಾಕಿದವರೂ ಲಕ್ಷಾಂತರ ಇದ್ದರು. ಅವರನ್ನು ಹಿಮ್ಮೇಳ ಅನ್ನೂದು ಸರಿಯಲ್ಲ, ಅವರು ಈ ಸಲ ಬಂದರು, ಮುಂದಿನ ಸಲ ಹೋದಾರು.

ಆದರ ರೈತರ ಕಥಿ ಬ್ಯಾರೆ, ನನಗ ಬಹಳ ವಿಚಾರಕ್ಕ ಹಚ್ಚಿದ್ದು ಅದು. ಸೋಯಾಬೀನ್ ನಮ್ಮ ಮಹಾರಾಷ್ಟ್ರದವರಿಗೂ ಗೊತ್ತಿದ್ದ ಬೆಳಿ. ಅಮೆರಿಕಾದ ಸೋಯಾಬೀನಿಗೆ ಚೀನಾ ಬಲು ದೊಡ್ಡ ಗಿರಾಕಿ. 2018ರಾಗ ಟ್ರಂಪ್ ಚೀನಾದ ಸಾಮಾನಿಗೆ ಸುಂಕ ಹಾಕಿದರು, ಚೀನಾ ತಿರುಗಿ ಸೋಯಾಬೀನಿಗೆ 25 ಪ್ರತಿಶತ ಸುಂಕ ಹಾಕಿ ಬ್ರೆಜಿಲ್ ಕಡೆ ಮಾರಿ ತಿರುಗಿಸಿತು. ದರ ಬಿತ್ತು. ಸರ್ಕಾರ ಎರಡು ವರ್ಷದಾಗ 2,800 ಕೋಟಿ ಡಾಲರ್ ವರೆಗಿನ ಪರಿಹಾರ ಘೋಷಿಸಿತು. ಮೆಕ್ಕೆಜೋಳ, ಸೋಯಾಬೀನ್ ಬೆಳೆಯುವ ಅಯೋವಾ ರಾಜ್ಯ 2020ರಾಗೂ, 2024ರಾಗೂ ಅವರ ಕಡೆಗೇ ನಿಂತಿತು. ಸಂತಿಯನ್ನ ಕೆಡಿಸಿದ ಕೈಯೇ ಪರಿಹಾರ ಕೊಟ್ಟಾಗ ರೈತ ಕೊಟ್ಟದ್ದನ್ನು ನೆನೆಸಿದ, ಕೆಡಿಸಿದ್ದನ್ನು ಚೀನಾದ ಲೆಕ್ಕಕ್ಕ ಬರೆದ. ಹಿಮ್ಮೇಳದ ಮನಸ್ಸು ಅಂದ್ರ ಇದು. ಹಾಡು ಕೆಟ್ಟರ ತಪ್ಪು ಯಾವಾಗಲೂ ಎದುರಿನ ಮೇಳದ್ದು.

ಈಗ ಒಂದು ಪದದ ಮಾತು. ಟ್ರಂಪ್ ಸಾಹೇಬರು 2016ರಿಂದ ತಮ್ಮ ಸಭೆಗಳಾಗ ‘ಹಾವು’ ಎಂಬ ಪದವನ್ನು ಓದಿ ಹೇಳತಾ ಬಂದಾರ. ಅದನ್ನು ಕಟ್ಟಿದವರು ಷಿಕಾಗೋದ ಆಸ್ಕರ್ ಬ್ರೌನ್ ಜೂನಿಯರ್ ಎಂಬ ಕಪ್ಪು ಜನಾಂಗದ ಕವಿ-ಗಾಯಕ, ಕಪ್ಪು ಜನರ ಹಕ್ಕಿಗಾಗಿ ದುಡಿದವರು. 1968ರಾಗ ಆಲ್ ವಿಲ್ಸನ್ ಹಾಡಿದಾಗ ಅದು ಮನೆಮಾತಾಯಿತು. ಕಥಿ ನಮಗೂ ಹೊಸದಲ್ಲ, ಹಾವಿಗೆ ಹಾಲೆರೆದ ಕಥಿ. ಚಳಿಗೆ ಸೆಟೆದ ಹಾವನ್ನು ಒಬ್ಬಾಕಿ ಮನಿಗೆ ಒಯ್ದು ಸಲಹತಾಳ. ಅದು ಆಕಿಯನ್ನೇ ಕಚ್ಚತೈತಿ. ಯಾಕ ಕಚ್ಚಿದಿ ಅಂದರ, ನಾನು ಹಾವು ಅನ್ನೂದು ನಿನಗ ಮೊದಲೇ ಗೊತ್ತಿತ್ತಲ್ಲ ಅನ್ನತೈತಿ. ಸಾಹೇಬರು ಇದನ್ನು ಹೊರಗಿಂದ ದೇಶಕ್ಕ ಬರುವ ವಲಸಿಗರ ಮ್ಯಾಲ ಹೇಳತಾರ. ಕವಿಯ ಹೆಣ್ಣುಮಕ್ಕಳು ನಮ್ಮ ತಂದೆಯ ಪದವನ್ನು ಹಿಂಗ ಬಳಸಬ್ಯಾಡ್ರಿ ಅಂದರೂ ಬಿಡಲಿಲ್ಲ.

ಹಾಡುಗಾರನಾಗಿ ನಾನು ಇದನ್ನು ದೊಡ್ಡ ಅಪಚಾರ ಅಂತೀನಿ. ಆದರ ಪದ ಅನ್ನೂದು ಹಾಡುವವನ ಕೈಯಾಗಷ್ಟ ಉಳಿಯೂದಿಲ್ಲ. ಇದು ಸಾಹೇಬರಿಗೇ ಒಪ್ಪುವ ಪದ ಅಂತ ಅಲ್ಲಿ ಬಹಳ ಮಂದಿ ಹೇಳ್ಯಾರ, ಪಾಪದ ಮತದಾರ ಮೋಸ ಹೋದ ಅಂತ ಮರುಗ್ಯಾರ. ಮೋಸ ಅನ್ನೂದನ್ನ ನಾನು ಒಪ್ಪೂದಿಲ್ಲ. ಪದದ ಹೆಣ್ಣುಮಗಳು ಹಾವನ್ನು ಕರುಣೆಯಿಂದ ಒಳಗ ತಗೊಂಡಳು. ಈ ಹಿಮ್ಮೇಳದಾಗ ಎಷ್ಟೋ ಮಂದಿ ತಗೊಂಡದ್ದು ವಿಷ ಐತಿ ಅಂತ ತಿಳಿದೇ, ಅದು ತಮಗ ಆಗದವರನ್ನ ಕಚ್ಚಲಿ ಅಂತ. ವಲಸಿಗರನ್ನ ಕಚ್ಚಲಿ, ಪತ್ರಿಕೆಯವರನ್ನ ಕಚ್ಚಲಿ, ತಮ್ಮನ್ನ ಹೇಯ ಅಂದವರನ್ನ ಕಚ್ಚಲಿ. ಹಂಗಿದ್ದ ಮ್ಯಾಲ ಹಗರಣದಿಂದ ನಿಷ್ಠೆ ಕಡಿಮೆ ಆಗೂದು ಎಲ್ಲಿಂದ ಬಂತು? ಹಲ್ಲು ಇನ್ನೂ ಚೂಪು ಐತಿ ಅನ್ನೂದಕ್ಕ ಹಗರಣ ಸಾಕ್ಷಿ ಆಯಿತು.

ಇದರ ಬೆಲೆ ಯಾರು ತೆತ್ತರು ಅನ್ನೂದನ್ನೂ ನೋಡಬೇಕು. 2020ರ ಸೋಲನ್ನು ಸಾಹೇಬರು ಒಪ್ಪಲಿಲ್ಲ. ಅವರ ಕಡೆಯವರು ಹಾಕಿದ 60ಕ್ಕೂ ಹೆಚ್ಚು ಖಟ್ಲೆ ಬಿದ್ದುಹೋದವು. 2021ರ ಜನವರಿ 6ಕ್ಕೆ ಅವರ ಮಾತು ಕೇಳಿ ಬಂದ ಮಂದಿ ಸಂಸತ್ ಭವನಕ್ಕ ನುಗ್ಗಿದರು. ಮುಂದ ಹಾಡಿದವರು ಮನಿಗೆ ಹೋದರು, ಹಿಮ್ಮೇಳದ ನೂರಾರು ಮಂದಿ ಜೈಲಿಗೆ ಹೋದರು. 2025ರ ಜನವರಿ 20ಕ್ಕೆ ಮತ್ತ ಗಾದಿ ಏರಿದ ದಿನವೇ ಸುಮಾರು 1,500 ಮಂದಿಗೆ ಸಾಹೇಬರು ಕ್ಷಮಾದಾನ ಕೊಟ್ಟರು. ನಿಷ್ಠೆಯ ಗಂಟು ಇನ್ನಷ್ಟು ಬಿಗಿ ಆಯಿತು. ತಾಳ ತಪ್ಪೈತಿ ಅಂದ ಸ್ವಂತ ಪಕ್ಷದವರಿಗೆ ಏನಾಯಿತು? ಎರಡನೇ ಮಹಾಭಿಯೋಗಕ್ಕ ಕೈ ಎತ್ತಿದ ರಿಪಬ್ಲಿಕನ್ ಸದಸ್ಯರು ಹತ್ತು. ಮುಂದಿನ ಚುನಾವಣೆ ದಾಟಿ ಸಭೆಗೆ ಮರಳಿದವರು ಇಬ್ಬರೇ.

ಗೀಗೀ ಮೇಳದಾಗ ಹಿಮ್ಮೇಳದವನ ಧರ್ಮ ಒಂದೈತಿ. ಮುಂದಿನವ ಶ್ರುತಿ ಬಿಟ್ಟರ, ಕಥಿ ತಪ್ಪಿದರ, ತುಂತುಣಿ ಹಿಡಿದವ ನಡುವ ಬಾಯಿ ಹಾಕಿ ಕೇಳತಾನ, ‘ಅಣ್ಣಾ, ಇದು ಹ್ಯಾಂಗ?’ ಅಂತ. ಅದರಿಂದ ಮೇಳ ಒಡೆಯೂದಿಲ್ಲ, ಮೇಳ ಉಳೀತೈತಿ. ಅವನ ನಿಷ್ಠೆ ಪದಕ್ಕ, ಹಾಡುಗಾರನಿಗೆ ಆಮ್ಯಾಲ. ಬೆಳಗಾದ ಮ್ಯಾಲ ಎರಡೂ ಮೇಳ ಕೂಡಿ ಮಂಗಳ ಹಾಡಿ ಒಂದೇ ಪಂಗತಿಯಾಗ ಉಣತಾವ. ಸೋತವ ಡಪ್ಪು ಹರಿಯೂದಿಲ್ಲ.

ಅಮೆರಿಕಾದಾಗೂ ಅಂಥಾ ಹಿಮ್ಮೇಳದವ ಒಬ್ಬರಿದ್ದರು. ಜಾರ್ಜಿಯಾ ರಾಜ್ಯದ ಚುನಾವಣೆ ನೋಡಿಕೊಳ್ಳುವ ಬ್ರಾಡ್ ರಾಫೆನ್‌ಸ್ಪರ್ಗರ್. ರಿಪಬ್ಲಿಕನ್ ಪಕ್ಷದವರೇ, ಟ್ರಂಪ್ ಗೆಲ್ಲಲಿ ಅಂತ ಬಯಸಿದವರೇ. ಅಲ್ಲಿ ಬೈಡನ್ ಗೆದ್ದದ್ದು 11,779 ಮತದಿಂದ. 2021ರ ಜನವರಿ 2ಕ್ಕೆ ಸಾಹೇಬರು ಫೋನ್ ಮಾಡಿ 11,780 ಮತ ಹುಡುಕಿ ಕೊಡಂದರು. ನಮ್ಮ ಲೆಕ್ಕ ಸರಿ ಐತಿ, ನಿಮ್ಮ ಮಾಹಿತಿ ತಪ್ಪೈತಿ ಅಂತ ಅವರು ತಿರುಗಿ ಹೇಳಿದರು. 2022ರಾಗ ಸಾಹೇಬರು ಅವರ ಎದುರಿಗೆ ಬೇರೆ ಉಮೇದವಾರನನ್ನ ಬೆಂಬಲಿಸಿದರು. ಆದರೂ ಅದೇ ಪಕ್ಷದ ಮತದಾರರು ರಾಫೆನ್‌ಸ್ಪರ್ಗರ್ ಅವರನ್ನೇ ಆರಿಸಿ ತಂದರು. ಎರಡು ವರ್ಷಕ್ಕ ಅದೇ ರಾಜ್ಯ ಟ್ರಂಪ್ ಅವರನ್ನೂ ಗೆಲ್ಲಿಸಿತು. ಹಾಡುಗಾರನನ್ನ ಬಿಡದೆಯೂ ಲೆಕ್ಕದ ತಾಳ ತಪ್ಪದಂಗ ಹಿಡಿಯಲಿಕ್ಕೆ ಬರತೈತಿ ಅನ್ನೂದನ್ನು ಜಾರ್ಜಿಯಾದ ಮಂದಿ ತೋರಿಸ್ಯಾರ.