ನೊರಜಿನ ರೆಕ್ಕೆ ಓದುವ ಬಗೆ

ಕುಂಡದ ಮಣ್ಣು ಸದಾ ಹಸಿಯಾಗಿದ್ದರೆ ಸಾಕು, ಎರಡು ಮೂರು ಮಿಲಿಮೀಟರಿನ ಕಪ್ಪು ಅಣಬೆ ನೊರಜುಗಳು ಕಿಟಕಿಯ ಗಾಜಿಗೆ ಬಂದು ಕೂರುತ್ತವೆ. ಅವುಗಳ ಫೋಟೊ ತೆಗೆದವರು ಮೈಬಣ್ಣ ನೋಡಿ ಹೆಸರು ಹುಡುಕುವುದುಂಟು. ಆದರೆ ಕಪ್ಪು ನೊರಜುಗಳು ಎಷ್ಟೋ ಕುಟುಂಬಗಳಲ್ಲಿವೆ. ಕುಟುಂಬವನ್ನು ಹೇಳುವುದು ರೆಕ್ಕೆಯ ನರಗಳು.

ಮೊದಲು ರೆಕ್ಕೆಯ ನಡುವೆ ಕವಲೊಡೆಯುವ ‘ಎಂ’ ನರವನ್ನು ನೋಡಿ. ಕವಲು ಮಗ್ಗುಲಾಗಿ ಮಲಗಿಸಿದ ಗಂಟೆಯಂತೆ ಸಮವಾಗಿ ಅರಳಿದ್ದು, ಅದರ ಬುಡದ ನರ ಮಸುಕಾಗಿದ್ದರೆ ಅದು ಸಯಾರಿಡೇ ಕುಟುಂಬದ್ದೆನ್ನಬಹುದು. ಕುಂಡಗಳಲ್ಲಿ, ಅಣಬೆ ಬೆಳೆಯುವ ಕೋಣೆಗಳಲ್ಲಿ ಕಾಟ ಕೊಡುವ ಬ್ರಾಡೀಸಿಯಾ ಈ ಮನೆತನದ್ದೇ. ಇನ್ನೊಂದು ಸಾಕ್ಷಿಯನ್ನೂ ಕೇಳಿ: ಇಲ್ಲಿ ಮುಂಬದಿಯ ‘ಆರ್’ ನರವನ್ನು ‘ಎಂ’ ನರಕ್ಕೆ ಜೋಡಿಸುವ ‘ಆರ್‌-ಎಂ’ ಅಡ್ಡನರ ಅಡ್ಡಕ್ಕಿರುವುದಿಲ್ಲ, ಮುಂದಿನ ‘ಆರ್‌5’ ನರದ ನೇರಕ್ಕೇ ಸೇರಿ ಎರಡೂ ಒಂದೇ ಗೆರೆಯಾಗಿ ಕಾಣುತ್ತವೆ.

ಆ ಅಡ್ಡನರವೇ ಇಲ್ಲದೆ, ‘ಆರ್’ ಮತ್ತು ‘ಎಂ’ ನರಗಳು ಸ್ವಲ್ಪ ದೂರ ಬೆಸೆದುಕೊಂಡು ಸಾಗಿದ್ದರೆ ಕೆರೊಪ್ಲಾಟಿಡೇ. ನ್ಯೂಜಿಲೆಂಡಿನ ವೈಟೊಮೊ ಗುಹೆಯಲ್ಲಿ ಮಿನುಗುವ ಹುಳುಗಳು ಈ ಕುಟುಂಬದ ನೊರಜಿನ ಮರಿಗಳು. ನರಗಳೇ ಬೆರಳೆಣಿಕೆಯಷ್ಟಿದ್ದರೆ ಭತ್ತದ ಕಣೆ ನೊಣದ ಕುಟುಂಬವನ್ನು ನೆನೆಯಿರಿ. ಮೈಸೆಟೋಫಿಲಿಡೇ ಕುಟುಂಬದಲ್ಲಂತೂ ರೆಕ್ಕೆ ಇನ್ನೂ ಮುಂದಕ್ಕೆ, ಕುಲದವರೆಗೂ ಕರೆದೊಯ್ಯುತ್ತದೆ: ಮೈಸೆಟೋಫಿಲಾದ ಹಲವು ಪ್ರಭೇದಗಳಿಗೆ ರೆಕ್ಕೆಯ ನಡುವೆ ಕಪ್ಪು ಮಚ್ಚೆ, ಎಕ್ಸೆಕಿಯಾದಲ್ಲಿ ಹಿಂಬದಿಯ ಕವಲು ನಡುಕವಲಿಗಿಂತ ಬಹಳ ಮುಂದೆ, ರೆಕ್ಕೆಯ ತುದಿಯ ಕಡೆಗೆ ಒಡೆಯುತ್ತದೆ.

ಇಷ್ಟೆಲ್ಲ ಕಾಣಬೇಕಾದರೆ ಬೆಳಕು ರೆಕ್ಕೆಯ ಹಿಂದಿನಿಂದ ಬರಬೇಕು. ಗಾಜಿನ ಮೇಲೆ ಕೂತ ನೊರಜು ಅದಕ್ಕೇ ಒಳ್ಳೆಯದು. ಲೆನ್ಸನ್ನು ರೆಕ್ಕೆಗೆ ನೆಟ್ಟಗೆ ಎದುರಾಗಿ ಹಿಡಿಯಿರಿ. ಓರೆಯಾದರೆ ಬುಡ ಸ್ಪಷ್ಟವಾಗಿ ತುದಿ ಮಂಜಾಗುತ್ತದೆ. ಮಡಿಸಿದ ರೆಕ್ಕೆಗಳು ಒಂದರ ಮೇಲೊಂದು ಕೂತಾಗ ಎರಡರ ನರಗಳೂ ಬೆರೆತು ಇಲ್ಲದ ಕವಲುಗಳು ಹುಟ್ಟುತ್ತವೆ. ಒಂದು ರೆಕ್ಕೆಯಾದರೂ ಬಿಡಿಯಾಗಿ ಕಾಣುವ ಕ್ಷಣಕ್ಕೆ ಕಾಯಬೇಕು.

ಹೀಗೆ ತೆಗೆದ ಫೋಟೊದಿಂದಲೂ ಸಯಾರಿಡೇಯ ಪ್ರಭೇದ ಹೇಳುವುದು ಸಾಮಾನ್ಯವಾಗಿ ಆಗದು. ಆ ಕುಟುಂಬದಲ್ಲಿ ಹೆಸರು ಪಡೆದ ಪ್ರಭೇದಗಳೇ 2,000ಕ್ಕೂ ಹೆಚ್ಚು. ಅವುಗಳನ್ನು ಬೇರ್ಪಡಿಸಲು ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆದ್ದರಿಂದ ರೆಕ್ಕೆ ಹೇಳಿದಷ್ಟೇ ಬರೆಯಿರಿ. ಜೊತೆಗೆ ತಾರೀಖು, ಊರು, ನೊರಜು ಸಿಕ್ಕಿದ್ದು ಕುಂಡದಲ್ಲೋ ಅಣಬೆಯ ಮೇಲೋ ಎಂಬುದನ್ನೂ ಸೇರಿಸಿ. ಕುಟುಂಬದ ಹೆಸರು ಸರಿಯಾಗಿದ್ದರೆ ಮುಂದೆ ಬಲ್ಲವರು ಅಲ್ಲಿಂದಲೇ ಕೆಲಸ ಮುಂದುವರಿಸಬಹುದು. ಊಹೆಯ ಪ್ರಭೇದದ ಹೆಸರು ಅವರನ್ನು ದಾರಿ ತಪ್ಪಿಸುತ್ತದೆ.