‘ಪಾಲು’: ಒಂದು ಪದವಿಚಾರ

ನಾವು ಹೊಸೂರು ಸೀಮೆಯಲ್ಲಿ ಉಪಾಧ್ಯಾಯರಾಗಿದ್ದಾಗ ಬಾಲಕನೊಬ್ಬನು ತನ್ನ ಪ್ರಬಂಧದಲ್ಲಿ ‘ಬೆಳಿಗ್ಗೆ ಪಾಲು ಕುಡಿದು ಶಾಲೆಗೆ ಬಂದೆನು’ ಎಂದು ಬರೆದಿದ್ದನು. ಕೆಂಪು ಮಸಿಯಲ್ಲಿ ಗೆರೆ ಎಳೆದು, ‘ಯಾರ ಪಾಲನ್ನು ಕುಡಿದೆಯೋ?’ ಎಂದು ಕೇಳಿದೆವು. ತರಗತಿಯೆಲ್ಲ ನಕ್ಕಿತು. ನಮ್ಮ ತಿದ್ದುಪಡಿ ಸರಿ. ನಗಿಸಿದ್ದು ಸರಿಯೇ ಎಂಬುದು ವಿಚಾರಾರ್ಹ.

ತಮಿಳು, ಮಲಯಾಳಗಳಲ್ಲಿ ‘ಪಾಲ್’ ಎಂದರೆ ಹಾಲು. ತೆಲುಗಿನಲ್ಲಿ ‘ಪಾಲು’ ಹಾಲೂ ಹೌದು, ಭಾಗವೂ ಹೌದು. ತಮಿಳಿನಲ್ಲಿಯೂ ಈ ಪದಕ್ಕೆ ವಿಭಾಗವೆಂಬ ಅರ್ಥವಿದೆ. ತಿರುಕ್ಕುರಳಿನ 1330 ದ್ವಿಪದಿಗಳು ಅರತ್ತುಪ್ಪಾಲ್, ಪೊರುಟ್ಪಾಲ್, ಕಾಮತ್ತುಪ್ಪಾಲ್ ಎಂಬ 3 ಪಾಲುಗಳಲ್ಲಿ ಹಂಚಿವೆ. ಮೊದಲನೆಯದನ್ನು ‘ಧರ್ಮದ ಹಾಲು’ ಎಂದು ಅರ್ಥೈಸುವುದು ಕಿವಿಗೆ ಇಂಪಾದರೂ ಅಪಾರ್ಥವೇ. ಅದು ಧರ್ಮವನ್ನು ಕುರಿತ ಭಾಗ.

ಇನ್ನು ಕನ್ನಡದ ಮಾತು. ಹಳಗನ್ನಡದಲ್ಲಿ ಹಾಲಿಗೆ ‘ಪಾಲ್’ ಎಂದೇ ಹೆಸರು, ಕ್ಷೀರಸಾಗರವು ‘ಪಾಲ್ಗಡಲ್’. ಸುಮಾರು 10ನೆಯ ಶತಮಾನದಿಂದೀಚೆಗೆ ಪದಾದಿಯ ಪಕಾರವು ಕ್ರಮೇಣ ಹಕಾರವಾಯಿತು. ಪೂ ಹೂವಾಯಿತು, ಪಂದಿ ಹಂದಿಯಾಯಿತು, ಪಾಲ್ ಹಾಲಾಯಿತು. ಭಾಗವೆಂಬರ್ಥದ ‘ಪಾಲು’ ಮಾತ್ರ ಪಕಾರವನ್ನು ಬಿಡಲಿಲ್ಲ. ಹೀಗೆ ನೆರೆಯ ನುಡಿಗಳಲ್ಲಿ ಒಂದೇ ರೂಪದಲ್ಲಿರುವ ಎರಡು ಪದಗಳು ಇಂದಿನ ಕನ್ನಡದಲ್ಲಿ ಬೇರೆ ಬೇರೆಯಾಗಿ ನಿಂತಿವೆ. ಆ ಬಾಲಕನು ಹಳಗನ್ನಡವನ್ನು ಓದಿದವನಲ್ಲ. ನೆರೆಮನೆಯ ತಮಿಳು, ತೆಲುಗುಗಳಿಂದ ಆ ಪದವನ್ನು ಎತ್ತಿಕೊಂಡವನು. ಆದರೂ ಅವನು ಬರೆದ ರೂಪ ಕನ್ನಡಕ್ಕೆ ಅಪರಿಚಿತವಾಗಿರಲಿಲ್ಲ. ಅದನ್ನು ತಿಳಿಸಿ ತಿದ್ದಿದ್ದರೆ ಅಂದೇ ಒಂದು ಪಾಠವಾಗುತ್ತಿತ್ತು.

ಇಲ್ಲಿ ಎಚ್ಚರವೂ ಅಗತ್ಯ. ಸದ್ದು ಒಂದಾದ ಮಾತ್ರಕ್ಕೆ ನಂಟು ಹೇಳಲಾಗದು. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಬಂಧುಗಳು ನಿತ್ಯ ಕೇಳುವ ಮರಾಠಿಯಲ್ಲಿ ‘ಪಾಲ್’ ಎಂದರೆ ಹಲ್ಲಿ! ಅದಕ್ಕೂ ನಮ್ಮ ಹಾಲಿಗೂ ಸಂಬಂಧವಿಲ್ಲ. ಇಂಥ ಸಾಮ್ಯವನ್ನು ಹಿಡಿದು ‘ಆ ಭಾಷೆ ನಮ್ಮಿಂದ ಕದ್ದಿತು’ ಎಂದು ವೇದಿಕೆಗಳಲ್ಲಿ ಘೋಷಿಸುವುದು ಅಭಿಮಾನವೆನಿಸಬಹುದು, ಪಾಂಡಿತ್ಯವೆನಿಸದು. ಹಾಲು ಮತ್ತು ಭಾಗದ ‘ಪಾಲ್’ಗಳು ದ್ರಾವಿಡ ನುಡಿಗಳಿಗೆಲ್ಲ ಪಿತ್ರಾರ್ಜಿತ ಆಸ್ತಿ, ಅದರಲ್ಲಿ ಕಳ್ಳರಿಲ್ಲ, ಪಾಲುದಾರರಿದ್ದಾರೆ.

ಗಡಿನಾಡಿನ ಮಕ್ಕಳ ಕನ್ನಡದಲ್ಲಿ ನೆರೆನುಡಿಯ ಪದ ಕಂಡಾಗ ಹಿರಿಯರಾದ ನಾವು ತಿದ್ದೋಣ, ನಗುವುದು ಬೇಡ. ನಗೆಗೆ ಅಂಜಿದ ಮಗು ತಪ್ಪನ್ನು ಬಿಡುವುದಕ್ಕಿಂತ ಮೊದಲು ಕನ್ನಡವನ್ನೇ ಬಿಟ್ಟೀತು. ಪಾಲಿಗೆ ಬಂದದ್ದು ಪಂಚಾಮೃತವೆಂಬ ಗಾದೆ ನಮ್ಮದೇ. ನಮ್ಮ ಪಾಲಿಗೆ ಬಂದದ್ದು ಹಲವು ನುಡಿಗಳ ನೆರೆ.